ಸಹಾಯ ಬೇಕು: ಅಮ್ಮನ ಜೊತೆ ಬೆಟ್ಟದ ಮೇಲೆ ಟೆಂಟ್‌ನಲ್ಲಿ ಒಂದು ರಾತ್ರಿ

ಎಲ್ಲರಿಗೂ ನಮಸ್ಕಾರ. ಬೇಸಿಗೆಯ ಒಂದು ವಾರಾಂತ್ಯ ಅಮ್ಮನನ್ನ ಕರ್ಕೊಂಡು ಬೆಟ್ಟ ಹತ್ತಿ, ಸುಮಾರು 2,500 ಮೀಟರ್ ಎತ್ತರದಲ್ಲಿ ಟೆಂಟ್ ಹಾಕೋ ಯೋಚನೆ ಇದೆ. ಅವರಿಗೆ ತುಂಬಾ ದಿನದ ಆಸೆ.

ಪ್ರತಿ 1,000 ಮೀಟರ್‌ಗೆ ಸುಮಾರು 6 ಡಿಗ್ರಿ ಇಳಿಯುತ್ತೆ, ಹಾಗಾಗಿ ಕೆಳಗೆ ಎಷ್ಟೇ ಸೆಕೆ ಇದ್ರೂ ಮೇಲೆ ರಾತ್ರಿ ಚಳಿ ಇದ್ದೇ ಇರುತ್ತೆ. ಸ್ಲೀಪಿಂಗ್ ಬ್ಯಾಗ್ ಮೇಲೆ ಕಂಫರ್ಟ್ (ಆರಾಮಾಗಿ ಮಲಗಬಹುದಾದ ಚಳಿ), ಲಿಮಿಟ್ (ಹೇಗೋ ತಡ್ಕೊಂಡು ಮಲಗಬಹುದಾದ ಚಳಿ) ಅಂತ ಎರಡು ಡಿಗ್ರಿ ಬರೆದಿರ್ತಾರಲ್ಲ, ಅಮ್ಮನಿಗೆ ಕಂಫರ್ಟ್ ನೋಡಿಯೇ ತಗೋಬೇಕು ಅಲ್ವಾ? ಕೆಳಗೆ ಹಾಸೋಕೆ ಫೋಮ್ ಮ್ಯಾಟ್ ಸಾಕಾ, ಗಾಳಿ ತುಂಬೋದೇ ಬೇಕಾ? ನೆಲದಿಂದ ಏರೋ ಥಂಡಿಯದ್ದೇ ನನಗೆ ಹೆಚ್ಚು ಚಿಂತೆ.

ಟೆಂಟ್ ಪೂರ್ತಿ ಮುಚ್ಚಿದ್ರೆ ಉಸಿರಿನ ತೇವ ಒಳಗೋಡೆಯಲ್ಲಿ ಹನಿಗಟ್ಟಿ ಬೆಳಗ್ಗೆ ಎಲ್ಲಾ ಒದ್ದೆ. ಎಷ್ಟು ತೆರೆದಿಡ್ತೀರಿ?

ತೊರೆ ನೀರನ್ನ 3 ನಿಮಿಷ ಕುದಿಸ್ತೀವಿ, ಮಧ್ಯಾಹ್ನದ ಗುಡುಗಿಗೆ ಮುಂಚೆ ಶಿಖರ ಇಳಿತೀವಿ. ವಯಸ್ಸಾದವರನ್ನ ಕರ್ಕೊಂಡು ಹೋದವರು ದಯವಿಟ್ಟು ತಿಳಿಸಿ: ಇಳಿಯುವಾಗ ಮಂಡಿಗೆ ಆಸರೆಯಾಗೋಕೆ ಕೋಲು ಒಂದು ಸಾಕಾ, ಎರಡೂ ಕೈಗೆ ಬೇಕಾ?