ರಾಷ್ಟ್ರಪತಿಗಳು ಕಡತವನ್ನು ಮರಳಿಸಿದರೆ ಏನಾಗುತ್ತದೆ?

ಉಪನ್ಯಾಸಕಿ, ಉಡುಪಿ: ದ್ವಿತೀಯ ಪಿಯುಸಿ ತರಗತಿಯಲ್ಲಿ ರಾಷ್ಟ್ರಪತಿ ಚುನಾವಣೆಯ ಪಾಠ ನಡೆಯುತ್ತಿತ್ತು. 1971ರ ಜನಗಣತಿಯಲ್ಲಿ ನಮ್ಮ ರಾಜ್ಯದ ಜನಸಂಖ್ಯೆಯಾಗಿದ್ದ 2,92,99,014ನ್ನು 224 ಶಾಸಕರಿಂದಲೂ ಅನಂತರ ಸಾವಿರದಿಂದಲೂ ಭಾಗಿಸಿ, ಒಬ್ಬ ಶಾಸಕರ ಮತದ ಮೌಲ್ಯ 131 ಎಂದು ವಿದ್ಯಾರ್ಥಿನಿಯೊಬ್ಬಳು ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದಳು. ಸೀಮೆಸುಣ್ಣ ಕೆಳಗಿಡುವ ಮೊದಲೇ, "ಮೇಡಂ, ಸಂಪುಟ ಹೇಳಿದ್ದಕ್ಕೆಲ್ಲ ಸಹಿ ಹಾಕುವವರನ್ನು ಆರಿಸಲು ಇಷ್ಟು ಲೆಕ್ಕ ಯಾಕೆ?" ಎಂದು ಕೇಳಿದಳು. 74ನೇ ವಿಧಿಯನ್ನು ಓದಿ ಹೇಳಿದೆನಾದರೂ ಅದು ಅವಳಿಗೂ ನನಗೂ ಸಮಾಧಾನ ತರಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ವಕೀಲ, ಮಂಗಳೂರು: ಮೇಡಂ, 74ನೇ ವಿಧಿಯನ್ನು ಅದರ ತಿದ್ದುಪಡಿಗಳೊಂದಿಗೆ ಓದಬೇಕು. ಸಂಪುಟದ ಸಲಹೆಯಂತೆಯೇ ನಡೆಯತಕ್ಕದ್ದೆಂದು 1976ರ 42ನೇ ತಿದ್ದುಪಡಿ ಸ್ಪಷ್ಟವಾಗಿ ಬರೆಯಿತು. ಆ ಸಲಹೆಯನ್ನು ಮರುಪರಿಶೀಲಿಸಿರೆಂದು ಒಮ್ಮೆ ಹಿಂದಕ್ಕೆ ಕಳುಹಿಸುವ ಅವಕಾಶವನ್ನು 1978ರ 44ನೇ ತಿದ್ದುಪಡಿ ಒದಗಿಸಿತು. ಎರಡನೆಯ ಸಲ ಅದೇ ಸಲಹೆ ಬಂದರೆ ಒಪ್ಪಲೇಬೇಕು. ಆದರೆ ಆ ಒಂದು ಸಲವೇ ಸಾಕಾದದ್ದುಂಟು. 1997ರಲ್ಲಿ ಉತ್ತರ ಪ್ರದೇಶಕ್ಕೆ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಕೆ.ಆರ್. ನಾರಾಯಣನ್ ಮರಳಿಸಿದರು, ಸಂಪುಟ ಅದನ್ನು ಕೈಬಿಟ್ಟಿತು.

ನಿವೃತ್ತ ಶಿಕ್ಷಕ, ಕಾರ್ಕಳ: ವಕೀಲರು ಹೇಳಿದ ಆ ಎರಡು ತಿದ್ದುಪಡಿಗಳ ನಡುವಿನ ಅವಧಿಯನ್ನು ವಿದ್ಯಾರ್ಥಿನಿಗೆ ಹೇಳಲೇಬೇಕು, ಏಕೆಂದರೆ ಅಲ್ಲಿ ನಮ್ಮವರೇ ಒಬ್ಬರಿದ್ದಾರೆ. 1977ರ ಫೆಬ್ರುವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ, ಹಿಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವಂತೆ ಹೊಸ ಸರಕಾರ ಸಲಹೆ ನೀಡಿದಾಗ ಅವರು ಕೂಡಲೇ ಸಹಿ ಹಾಕದೆ ಹಿಂಜರಿದರು, ಆದರೆ ಕೊನೆಗೆ ಹಾಕಿದರು. ಮರಳಿಸಲು ಸಂವಿಧಾನದಲ್ಲಿ ಆಗ ಲಿಖಿತ ದಾರಿ ಇರಲಿಲ್ಲ. ಅವರ ಹಿಂಜರಿಕೆಯನ್ನು ದೌರ್ಬಲ್ಯವೆಂದು ಕರೆದವರನ್ನು ನಾನು ಒಪ್ಪಲಾರೆ.

ಉಪನ್ಯಾಸಕಿ, ಉಡುಪಿ: ಇಬ್ಬರಿಗೂ ಕೃತಜ್ಞತೆಗಳು. ಮಸೂದೆಗಳಿಗೂ ಇದೇ ನಿಯಮವೇ?

ವಕೀಲ, ಮಂಗಳೂರು: ಹೆಚ್ಚುಕಡಿಮೆ ಇದೇ. 111ನೇ ವಿಧಿಯಂತೆ ಹಣಕಾಸು ಮಸೂದೆಯನ್ನು ಬಿಟ್ಟು ಉಳಿದವನ್ನು ಒಮ್ಮೆ ಮರಳಿಸಬಹುದು. 2006ರಲ್ಲಿ ಲಾಭದಾಯಕ ಹುದ್ದೆಗಳ ಮಸೂದೆಯನ್ನು ಅಬ್ದುಲ್ ಕಲಾಂ ಮರಳಿಸಿದಾಗ ಸಂಸತ್ತು ಅದನ್ನು ಪುನಃ ಅಂಗೀಕರಿಸಿತು, ಅವರು ಅಂಕಿತ ಹಾಕಿದರು. ಆದರೆ ಅಂಕಿತಕ್ಕೆ ಇಷ್ಟೇ ದಿನವೆಂಬ ಗಡುವನ್ನು ಆ ವಿಧಿ ಹೇಳುವುದಿಲ್ಲ. ಜನರ ಖಾಸಗಿ ಪತ್ರಗಳನ್ನು ತೆರೆದು ನೋಡಲು ಸರಕಾರಕ್ಕೆ ಅಧಿಕಾರ ಕೊಡುತ್ತಿದ್ದ 1986ರ ಅಂಚೆ ಮಸೂದೆಯನ್ನು ಜೈಲ್ ಸಿಂಗ್ ಮರಳಿಸಲೂ ಇಲ್ಲ, ಅದಕ್ಕೆ ಅಂಕಿತ ಹಾಕಲೂ ಇಲ್ಲ. ಅದು ಕಾಯ್ದೆಯಾಗಲೇ ಇಲ್ಲ.