ಶನಿವಾರದ ಸುಶಿ: ಎಲ್ಲಿ ಕೂರುವುದು, ಎಂತ ತರಿಸುವುದು

ಸುಧಕ್ಕ, ಇದು ಸ್ವಲ್ಪ ಉದ್ದ ಆಗ್ತದೆ, ಕೈಕೆಲಸ ಮಾಡ್ತಾ ಕೇಳಿ. ನೀವು ಕೇಳಿದ್ದು ಇಷ್ಟು: ಮುಂದಿನ ಶನಿವಾರ ರಾತ್ರಿ ಎಂಟು ಜನ, ಮಕ್ಕಳಿಬ್ಬರಿಗೆ ಸುಶಿಯೇ ಆಗಬೇಕಂತೆ, ಅಂದ್ರೆ ವಿನೆಗರ್ ಕಲಸಿದ ಅನ್ನದ ಜೊತೆ ಹೆಚ್ಚಾಗಿ ಹಸಿ ಮೀನು ಇಟ್ಟ ಜಪಾನೀ ತಿಂಡಿ. ಅತ್ತೆ ಮಾವ ಮೀನು ಮಾಂಸ ಬಿಟ್ಟವರು. ನಾದಿನಿಗೆ ಐದನೇ ತಿಂಗಳು, ಜೊತೆಗೆ ಅವಳ ಗಂಡ. ಭಾವ ಹಸಿ ಮೀನು ಅಂದ್ರೆ ಮುಖ ಸಿಂಡರಿಸ್ತಾರೆ. ಡೊಂಬಿವಲಿಯಿಂದ ಹೋಗಿ ಎಲ್ಲಿ ಕೂರುವುದು, ಎಂತ ತರಿಸುವುದು? ಗ್ರೂಪಿನಲ್ಲಿ ಹೋಟೆಲಿನ ಹೆಸರು ಬೇಕಾದಷ್ಟು ಬಂತು, ಎಂತ ತರಿಸಬೇಕು ಅಂತ ಮಾತ್ರ ಒಬ್ಬರೂ ಹೇಳಲಿಲ್ಲ. ದುಡ್ಡು ಹಾಳಾಗುವುದು ಅಲ್ಲೇ.

ಮೊದಲು ಜಾಗ. ನಿಮ್ಮ ಈ ಎಂಟು ಜನಕ್ಕೆ ನನ್ನ ವೋಟು ಮುಂಬೈಯ ಬಾಂದ್ರಾದ ಕೊಫುಕುಗೆ. ಅಲ್ಲಿ ಜಪಾನೀ ಅಡುಗೆಯ ಜೊತೆ ಕೊರಿಯನ್ ಅಡುಗೆಯೂ ಉಂಟು. ಸುಶಿ ಬೇಡದವರು ಬಿಸಿ ಅನ್ನವೋ ನೂಡಲ್ಸೋ ತಿಂದುಕೊಂಡು ಆರಾಮವಾಗಿರಬಹುದು, ಯಾರಿಗೂ ಯಾರ ಮುಲಾಜೂ ಬೇಡ. ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡಿದರೆ ಬಾಂದ್ರಾ, ಅಲ್ಲಿಂದ ರಿಕ್ಷಾ. ಮಕ್ಕಳಿಬ್ಬರು ಮತ್ತು ನೀವು ಮಾತ್ರ ಹೋಗುವುದಾದರೆ ಹೇಳುವ ಹೆಸರು ಬೇರೆ: ಶೆಫ್ ನೂರೇಶಾ ಕಾಬ್ಲಿ ಅವರ ಇಝುಮಿ, ಅದೂ ಬಾಂದ್ರಾದಲ್ಲೇ. ಸುಶಿಗೂ ಹೆಸರು, ರಾಮೆನ್ ಅನ್ನುವ ಸೂಪಿನ ನೂಡಲ್ಸಿಗೂ ಹೆಸರು. ಆದ್ರೆ ಶನಿವಾರ ಬುಕ್ ಮಾಡದೆ ಹೋದರೆ ಬಾಗಿಲಲ್ಲೇ ನಿಲ್ಲಬೇಕಾದೀತು. ಖಾರ್‌ನ ಮಿಝು ಇಝಕಾಯಾ ಒಳ್ಳೆಯದೇ, ಆದ್ರೆ ಅದು ಗ್ಲಾಸು ಹಿಡಿದು ಕೂತು ಸಣ್ಣ ಸಣ್ಣ ಪ್ಲೇಟು ತರಿಸುವವರ ಜಾಗ. ಅತ್ತೆ ಮಾವನನ್ನು ಕರ್ಕೊಂಡು ಹೋಗಿ ಕೂರಿಸುವಂಥದ್ದಲ್ಲ.

ಗ್ರೂಪಿನಲ್ಲಿ ದಿನೇಶಣ್ಣ ಹೇಳಿದ ವಸಾಬಿ ಬೈ ಮೊರಿಮೊಟೊ, ಕೊಲಾಬಾದ ತಾಜ್ ಮಹಲ್ ಪ್ಯಾಲೇಸ್ ಒಳಗೆ 2004ರಿಂದ ಇರುವುದು. ಅದು ಇಬ್ಬರು ಹೋಗುವ ಜಾಗ, ಮದುವೆ ವಾರ್ಷಿಕಕ್ಕೆ ಇಟ್ಟುಕೊಳ್ಳಿ. ಅಲ್ಲಿ ಹೋದರೆ ರೋಲ್, ಅಂದ್ರೆ ಸುರುಳಿ ಸುತ್ತಿ ಕೊಯ್ದ ಸುಶಿ, ತಿಂದು ಹೊಟ್ಟೆ ತುಂಬಿಸಬೇಡಿ. ವೈಟ್ ಫಿಶ್ ಕಾರ್ಪಾಚೊ (ತೆಳುವಾಗಿ ಕೊಯ್ದ ಹಸಿ ಮೀನು), ರಾಕ್ ಶ್ರಿಂಪ್ ಟೆಂಪುರಾ (ಹಿಟ್ಟಿನಲ್ಲಿ ಅದ್ದಿ ಕರಿದ ಸಿಗಡಿ), ಬ್ಲ್ಯಾಕ್ ಕಾಡ್ ಮಿಸೋ (ಹುದುಗಿಸಿದ ಸೋಯಾ ಪೇಸ್ಟ್ ಹಚ್ಚಿ ಬೇಯಿಸಿದ ಮೀನು), ಮೇಲೆ ನಾಲ್ಕೈದು ನಿಗಿರಿ (ಅದೆಂತ ಅಂತ ಮುಂದೆ ಹೇಳ್ತೇನೆ), ಇಷ್ಟು ಸಾಕು. ತೆರಿಗೆಯನ್ನೂ ಲೆಕ್ಕ ಹಿಡಿಯಿರಿ: ಇಂಥ ದೊಡ್ಡ ಹೋಟೆಲಿನ ಒಳಗಿನ ರೆಸ್ಟೋರೆಂಟಿಗೆ ಜಿಎಸ್‌ಟಿ ಶೇ. 18, ಬೀದಿಯ ರೆಸ್ಟೋರೆಂಟಿಗೆ ಶೇ. 5. ಎಂಟು ಜನರ ಬಿಲ್ಲಿನಲ್ಲಿ ಅದು ಸಣ್ಣ ವ್ಯತ್ಯಾಸ ಅಲ್ಲ.

ಇನ್ನು ಆರ್ಡರ್. ನಿಗಿರಿ ಅಂದ್ರೆ ಅನ್ನದ ಸಣ್ಣ ಉಂಡೆ, ಮೇಲೆ ಮೀನಿನ ಹೋಳು. ಒಂದು ಪ್ಲೇಟಿಗೆ ಸಾಮಾನ್ಯವಾಗಿ ಎರಡು. ಹೊಸೊಮಾಕಿ ಅಂದ್ರೆ ಹೊರಗೆ ಕಪ್ಪು ನೋರಿ (ಸಮುದ್ರದ ಪಾಚಿಯ ಒಣ ಹಾಳೆ), ಒಳಗೆ ಒಂದೇ ಒಂದು ಪದಾರ್ಥ, ಆರು ತುಂಡು. ಉರಾಮಾಕಿ ಅಂದ್ರೆ ಅನ್ನ ಹೊರಗೆ, ನೋರಿ ಒಳಗೆ, ಎಂಟು ತುಂಡು. ನಮ್ಮ ಜನ ಸುಶಿ ಅಂತ ಫೋಟೋ ಹಾಕುವುದು ಹೆಚ್ಚಾಗಿ ಇದನ್ನೇ. ಕೆಲವು ಕಡೆ ನಾಲ್ಕೇ ತುಂಡು ಕೊಡ್ತಾರೆ, ಕೇಳಿಯೇ ಹೇಳಿ. ಸಾಶಿಮಿಯಲ್ಲಿ ಅನ್ನವೇ ಇಲ್ಲ, ಬರೀ ಮೀನು.

ಸುಶಿಯೇ ಊಟ ಆದರೆ ದೊಡ್ಡವರಿಗೆ ಹತ್ತರಿಂದ ಹನ್ನೆರಡು ತುಂಡು. ಪಕ್ಕಕ್ಕೆ ಬಿಸಿ ತಿಂಡಿ ಇದ್ದರೆ ಎಂಟು ಸಾಕು. ನೋಡಲಿಕ್ಕೆ ಕಮ್ಮಿ ಅನ್ನಿಸ್ತದೆ, ಆದ್ರೆ ಒಂದು ಉರಾಮಾಕಿ ರೋಲಿನಲ್ಲಿ ನೂರು ಗ್ರಾಂ ಮೇಲೆ ಅನ್ನ ಒತ್ತಿರ್ತಾರೆ. ನಿಮಗೆ ನಾನಾದರೆ ಹೀಗೆ ಬರೆಸ್ತೇನೆ: ಅತ್ತೆ ಮಾವನಿಗೆ ಅವಕಾಡೊ ಉರಾಮಾಕಿ ಒಂದು, ಆಸ್ಪರಾಗಸ್ ಟೆಂಪುರಾ ಉರಾಮಾಕಿ ಒಂದು, ಸೌತೆಕಾಯಿಯ ಕಪ್ಪಾ ಮಾಕಿ ಒಂದು. ಭಾವನಿಗೂ ನಾದಿನಿಗೂ ಸೇರಿ ಸಿಗಡಿ ಟೆಂಪುರಾ ರೋಲ್ ಎರಡು, ಉನಾಗಿ (ಸುಟ್ಟ ಹಾವುಮೀನು) ನಿಗಿರಿ ಒಂದು ಪ್ಲೇಟು. ಹಸಿ ಮೀನು ತಿನ್ನುವ ನಾಲ್ವರಿಗೆ ಸಾಲ್ಮನ್ ನಿಗಿರಿ ನಾಲ್ಕು ಪ್ಲೇಟು, ಸಾಲ್ಮನ್ ಅವಕಾಡೊ ರೋಲ್ ಒಂದು, ಸ್ಪೈಸಿ ಟ್ಯೂನಾ ಒಂದು. ಒಟ್ಟು 64 ತುಂಡು. ಮೇಲಿಂದ ಬಿಸಿ ಅನ್ನದ ಬಟ್ಟಲು, ಎದಮಾಮೆ (ಬೇಯಿಸಿದ ಎಳೆ ಸೋಯಾ ಕಾಯಿ), ಗ್ಯೋಝಾ (ಮೋಮೋ ಥರದ್ದು) ಸೇರಿಸಿದರೆ ಎಂಟು ಜನಕ್ಕೆ ಧಾರಾಳ.

ಎಲ್ಲ ಒಟ್ಟಿಗೆ ತರಿಸಬೇಡಿ. ಹಸಿ ಮೀನಿನದ್ದು ಮೊದಲ ಕಂತು, ಟೆಂಪುರಾ ರೋಲು ಎರಡನೆಯದು. ಒಳಗಿನ ಟೆಂಪುರಾ ಅನ್ನದ ತೇವಕ್ಕೆ ಹತ್ತು ನಿಮಿಷದಲ್ಲಿ ಮೆತ್ತಗಾಗ್ತದೆ, ನಂತರ ತಿಂದರೆ ಎಣ್ಣೆ ಮಾತ್ರ ಗೊತ್ತಾಗ್ತದೆ. ಡ್ರ್ಯಾಗನ್, ವೋಲ್ಕೇನೊ, ಡೈನಮೈಟ್ ಅಂತ ಹೆಸರಿರುವ ರೋಲುಗಳನ್ನು ಮಕ್ಕಳು ಕೇಳಿಯೇ ಕೇಳ್ತಾರೆ, ಒಂದಕ್ಕಿಂತ ಹೆಚ್ಚು ಬೇಡ. ಬಹಳಷ್ಟು ಕಡೆ ಮೇಲೆ ಮಯೋನೀಸು, ಸಿಹಿ ಸಾಸು ಸುರಿದಿರ್ತಾರೆ. ಒಳಗೆ ಸಾಲ್ಮನ್ ಇದ್ದರೂ ಒಂದೇ, ಆಲೂಗಡ್ಡೆ ಇದ್ದರೂ ಒಂದೇ.

ಜಾಗ ಒಳ್ಳೆಯದೋ ಅಲ್ಲವೋ ಅಂತ ತಿಳಿಯಲಿಕ್ಕೆ ಸಾಲ್ಮನ್ ನಿಗಿರಿ ಒಂದು ಪ್ಲೇಟು ಎಲ್ಲಕ್ಕಿಂತ ಮೊದಲು ತರಿಸಿ. ಮೀನು ಬಿಡಿ, ಅನ್ನ ನೋಡಿ. ಅಗುಳು ಅಗುಳು ಬೇರೆ ಕಾಣಬೇಕು, ಸಣ್ಣ ಹೊಳಪು ಇರಬೇಕು. ಮುಟ್ಟಿದರೆ ಮೈ ಬಿಸಿಯಷ್ಟೇ ಬೆಚ್ಚಗೆ, ಫ್ರಿಜ್ಜಿನ ತಣ್ಣಗೆ ಅಲ್ಲ. ಎತ್ತಿದಾಗ ಉದುರಬಾರದು, ಬಾಯಿಗೆ ಹಾಕಿದ ಕೂಡಲೇ ಬಿಡಬೇಕು. ಹುಳಿ, ಸಿಹಿ, ಉಪ್ಪು ಮೂರೂ ತೆಳುವಾಗಿ ಬರಬೇಕು. ಜಗಿದಷ್ಟೂ ಗಟ್ಟಿ ಮುದ್ದೆ ಆದರೆ ಅನ್ನ ಒತ್ತಿ ಹಾಳು ಮಾಡಿದ್ದಾರೆ, ಇಲ್ಲಾ ಬೆಳಿಗ್ಗೆ ಮಾಡಿ ತಣ್ಣಗಿಟ್ಟಿದ್ದಾರೆ. ಅಂಥ ಕಡೆ ಉಳಿದ ನಿಗಿರಿ ರದ್ದು ಮಾಡಿ ಬಿಸಿ ಅಡುಗೆಗೆ ಹೋಗಿ. ಇನ್ನೊಂದು, ಮಾವನಿಗೆ ಶುಗರ್ ಇದ್ದರೆ ನೆನಪಿರಲಿ, ಸುಶಿ ಅನ್ನಕ್ಕೆ ವಿನೆಗರ್ ಜೊತೆ ಸಕ್ಕರೆಯನ್ನೂ ಕಲಸ್ತಾರೆ.

ಈಗ ಅತ್ತೆ ಮಾವನ ವಿಷಯ, ಇದರಲ್ಲೇ ಎಲ್ಲರೂ ಎಡವುವುದು. ಮೆನುವಿನಲ್ಲಿ ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ನಂಬಬೇಡಿ, ದಾಶಿ ಕೇಳಿ. ಜಪಾನೀ ಅಡುಗೆಯ ಮೂಲ ಸಾರು ಅದು. ಸಾಮಾನ್ಯವಾಗಿ ಕೊಂಬು ಅನ್ನುವ ಸಮುದ್ರದ ಪಾಚಿ, ಜೊತೆಗೆ ಒಣಗಿಸಿ ಹೊಗೆ ಹಾಕಿ ಹೆರೆದ ಬೊನಿಟೊ ಮೀನು. ಮಿಸೋ ಸೂಪಿನಲ್ಲಿ ಅದು ಇರ್ತದೆ, ಟೆಂಪುರಾ ಅದ್ದುವ ತಿಳಿ ಸಾಸಿನಲ್ಲಿ ಇರ್ತದೆ, ಅಗೆದಾಶಿ ಅನ್ನುವ ಕರಿದ ತೋಫುವಿನಲ್ಲಿ ಇರ್ತದೆ, ಇನಾರಿ ಸುಶಿಗೆ ಅನ್ನ ತುಂಬುವ ತೋಫು ಚೀಲವನ್ನು ಬೇಯಿಸುವುದೂ ಹೆಚ್ಚಾಗಿ ಅದರಲ್ಲೇ. ಮುಂಬೈಯಲ್ಲಿ ಸಸ್ಯಾಹಾರಿ ಗಿರಾಕಿಗಳು ಜಾಸ್ತಿ ಇರುವುದರಿಂದ ಹಲವು ಅಡುಗೆಮನೆಗಳು ಬರೀ ಕೊಂಬು, ಶಿಟಾಕೆ ಅಣಬೆಯ ದಾಶಿ ಬೇರೆ ಇಡ್ತವೆ, ಆದ್ರೆ ಕೇಳದೆ ಗೊತ್ತಾಗುವುದಿಲ್ಲ. "ವೆಜ್ ಹೈ ಕ್ಯಾ" ಅಂತ ಕೇಳಿದರೆ ವೇಟರ್ ಹೌದು ಅಂತಲೇ ಹೇಳ್ತಾನೆ. "ದಾಶಿ ಮೇ ಮಚ್ಛೀ ಹೈ ಕ್ಯಾ, ಶೆಫ್ ಸೇ ಪೂಛ್ ಕೇ ಬತಾಓ" (ದಾಶಿಯಲ್ಲಿ ಮೀನು ಉಂಟಾ, ಶೆಫ್ ಹತ್ರ ಕೇಳಿ ಹೇಳಿ) ಅಂತ ಕೇಳಿ. ಮಯೋನೀಸು ಮೊಟ್ಟೆಯದ್ದೋ ಅಲ್ಲವೋ ಅದನ್ನೂ ಕೇಳಿ, ಜಪಾನಿನ ಕ್ಯೂಪಿ ಆದರೆ ಮೊಟ್ಟೆಯ ಹಳದಿ ಹಾಕಿದ್ದು. ರೋಲಿನ ಮೇಲೆ ಉದುರಿಸುವ ಕಿತ್ತಳೆ ಬಣ್ಣದ ಸಣ್ಣ ಕಾಳು ಮೀನಿನ ಮೊಟ್ಟೆ, ಅಲಂಕಾರ ಅಲ್ಲ. ವೆಜ್ ಟೆಂಪುರಾವನ್ನು ಸಿಗಡಿ ಕರಿದ ಎಣ್ಣೆಯಲ್ಲೇ ಕರೀತಾರೋ ಅಂತ ವಿಚಾರಿಸಿ. ಹೌದು ಅಂದರೆ ಆ ಆಸ್ಪರಾಗಸ್ ರೋಲು ಬಿಟ್ಟು ಅದೇ ಲೆಕ್ಕಕ್ಕೆ ಇನ್ನೊಂದು ಅವಕಾಡೊ ಬರೆಸಿ.

ಅತ್ತೆಗೆ ಅವಕಾಡೊ ಸಪ್ಪೆ ಅನ್ನಿಸೀತು. ಕಂಪ್ಯೊ ಮಾಕಿ ಸಿಕ್ಕಿದರೆ ಕೊಡಿಸಿ, ಅದು ಸೋರೆಕಾಯಿಯನ್ನು ಉದ್ದ ಪಟ್ಟಿಯಾಗಿ ಹೆರೆದು ಒಣಗಿಸಿ ಸೋಯಾ, ಸಕ್ಕರೆಯಲ್ಲಿ ಬೇಯಿಸಿದ್ದು. ಅಲ್ಲಿಯೂ ದಾಶಿ ಹಾಕುವವರಿದ್ದಾರೆ, ಅದೇ ಪ್ರಶ್ನೆ ಕೇಳಿ.

ನಾದಿನಿಗೆ ಹಸಿ ಮೀನು, ಹಸಿ ಮೀನಿನ ಮೊಟ್ಟೆ ಎರಡೂ ಬೇಡ, ಡಾಕ್ಟರ್ ಕೂಡ ಅದನ್ನೇ ಹೇಳ್ತಾರೆ. ಮೋಸ ಹೋಗುವುದು ಎಲ್ಲಿ ಅಂದ್ರೆ ಫಿಲಡೆಲ್ಫಿಯಾ ರೋಲಿನಲ್ಲಿ. ಸ್ಮೋಕ್ಡ್ ಸಾಲ್ಮನ್ ಅಂದ ಕೂಡಲೇ ಬೆಂದದ್ದು ಅಂತ ತಿಳೀತಾರೆ. ತಣ್ಣನೆ ಹೊಗೆಯಲ್ಲಿ ಮಾಡಿದ್ದು ಬೆಂದಿರುವುದಿಲ್ಲ, ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾದ ಹೆದರಿಕೆ ಹಾಗೆಯೇ ಇರ್ತದೆ. ಟ್ಯೂನಾ ಬೇಯಿಸಿದ್ದಾದರೂ ಕಮ್ಮಿ ಇರಲಿ, ದೊಡ್ಡ ಮೀನಿನಲ್ಲಿ ಪಾದರಸ ಹೆಚ್ಚು. ಎಬಿ ಅಂದ್ರೆ ಬೇಯಿಸಿದ ಸಿಗಡಿ, ಅಡ್ಡಿಯಿಲ್ಲ. ಅಮಾಎಬಿ ಅಂದ್ರೆ ಹಸಿ ಸಿಗಡಿ, ಬೇಡ. ಉನಾಗಿ ಯಾವಾಗಲೂ ಸುಟ್ಟೇ ಬರುವುದು, ಮೇಲೆ ಸಿಹಿ ಸಾಸು ಹಚ್ಚಿ. ಭಾವನಿಗೂ ಅದು ಹಿಡಿಸ್ತದೆ, ಹಾವುಮೀನು ಅಂತ ಮೊದಲೇ ಹೇಳಬೇಡಿ ಅಷ್ಟೆ. ಏಡಿ ಅಂತ ಬರುವ ಕೆಂಪು ಬಿಳಿ ಕಡ್ಡಿ ಹೆಚ್ಚಿನ ಕಡೆ ಏಡಿಯೇ ಅಲ್ಲ, ಬೇರೆ ಬಿಳಿ ಮೀನನ್ನು ಅರೆದು ಬೇಯಿಸಿದ ಸುರಿಮಿ.

ವಿನಯ ಕೇಳಿದ್ದ, ಮಳೆಗಾಲದಲ್ಲಿ ಸುಶಿ ತಿನ್ನಬಾರದಂತೆ ಹೌದಾ ಅಂತ. ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಅದರಿಂದ ನಮ್ಮ ಅಂಜಲ್, ಬಂಗುಡೆಗೆ ತತ್ವಾರ. ಸುಶಿಯ ಸಾಲ್ಮನ್ ಹೆಚ್ಚಾಗಿ ನಾರ್ವೆಯ ಸಾಕಣೆಯದ್ದು, ಹೊರಗಿಂದ ಬರುವಂಥದ್ದು, ಅದಕ್ಕೂ ಈ ನಿಷೇಧಕ್ಕೂ ಸಂಬಂಧ ಇಲ್ಲ. ಜಪಾನಿನವರೇ ಸಾಲ್ಮನ್ ಹಸಿ ತಿನ್ನಲಿಕ್ಕೆ ಕಲಿತದ್ದು 1980ರ ದಶಕದಲ್ಲಿ ನಾರ್ವೆಯವರು ಹೋಗಿ ಪ್ರಚಾರ ಮಾಡಿದ ಮೇಲೆ. ಮಳೆಗಾಲದಲ್ಲಿ ಕೆಡುವುದು ನೋರಿ. ಗಾಳಿಯ ತೇವಕ್ಕೆ ಎರಡು ಮೂರು ನಿಮಿಷದಲ್ಲಿ ಗರಿಗರಿ ಹೋಗಿ ರಬ್ಬರಿನ ಹಾಗೆ ಎಳೀತದೆ. ಕೋನಿನ ಆಕಾರದ ತೆಮಾಕಿ ತರಿಸಿದರೆ ಫೋಟೋ ತೆಗೀತಾ ಕೂರದೆ ಕೈಗೆ ಬಂದ ಕೂಡಲೇ ತಿನ್ನಬೇಕು. ಜಪಾನಿನಿಂದಲೇ ವಿಮಾನದಲ್ಲಿ ಮೀನು ತರಿಸುವ ಕಡೆ ಯಾವ ದಿನ ಮಾಲು ಬರ್ತದೆ ಅಂತ ಫೋನಿನಲ್ಲೇ ಕೇಳಿ. ಟೋಕಿಯೋದ ತೊಯೊಸು ಮಾರುಕಟ್ಟೆಗೆ ಭಾನುವಾರ ರಜೆ, ಸೋಮವಾರಕ್ಕಿಂತ ವಾರದ ಕೊನೆಗೆ ಹೋಗುವುದು ವಾಸಿ.

ವಿನಯ, ಸಾಬಾ ಅಂದ್ರೆ ನಮ್ಮ ಬಂಗುಡೆಯ ನೆಂಟನೇ, ಆದ್ರೆ ಅದನ್ನು ನೋಡಿ ಮನೆಯಲ್ಲಿ ಮಾರ್ಕೆಟಿನ ಬಂಗುಡೆ ಹಸಿ ತಿನ್ನುವ ಸಾಹಸ ಬೇಡ. ಸಾಬಾವನ್ನು ಉಪ್ಪಿನಲ್ಲಿಟ್ಟು, ವಿನೆಗರಿನಲ್ಲಿಟ್ಟು ಕೊಡ್ತಾರೆ, ಮೀನಿನೊಳಗಿನ ಹುಳ ಸಾಯಲಿಕ್ಕೆ ಅದೂ ಸಾಲದು. ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಡಬೇಕು, ಮನೆಯ ಫ್ರಿಜ್ಜು ಸಾಮಾನ್ಯವಾಗಿ ಮೈನಸ್ 18ರ ಆಚೆ ಹೋಗುವುದಿಲ್ಲ. ಅದಲ್ಲದೆ ಬಂಗುಡೆ ಬಿಸಿಲಲ್ಲಿ ಇದ್ದರೆ ಹಿಸ್ಟಮಿನ್ ಹುಟ್ಟಿಕೊಳ್ತದೆ. ಅದು ಐಸಿನಲ್ಲಿಟ್ಟರೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಮುಖ ಕೆಂಪಾಗಿ ತಲೆ ಸಿಡೀತದೆ. ಬಂಗುಡೆಗೆ ಪುಳಿಮುಂಚಿಯೇ ಸರಿ.

ತಿನ್ನುವ ಕ್ರಮ ಮಕ್ಕಳಿಗೆ ಹೇಳಿಕೊಡಿ. ಕೈಯಲ್ಲಿ ತಿಂದರೆ ಏನೂ ತಪ್ಪಿಲ್ಲ. ನಿಗಿರಿಯನ್ನು ಮಗ್ಗುಲಿಗೆ ವಾಲಿಸಿ ಮೀನಿನ ಬದಿಯನ್ನು ಸೋಯಾಗೆ ತಾಗಿಸಬೇಕು. ಅನ್ನದ ಬದಿ ಅದ್ದಿದರೆ ಸೋಯಾ ಹೀರಿ ಬಟ್ಟಲಲ್ಲೇ ಕುಸೀತದೆ, ತಿಂದದ್ದು ಉಪ್ಪು ಮಾತ್ರ. ಒಂದೇ ತುತ್ತಿಗೆ ಬಾಯಿಗೆ. ಶುಂಠಿ ಉಪ್ಪಿನಕಾಯಿ ಮೀನಿನ ಮೇಲೆ ಇಟ್ಟು ತಿನ್ನಲಿಕ್ಕಲ್ಲ, ಒಂದು ಮೀನಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಬಾಯಿ ತೊಳೆಯಲಿಕ್ಕೆ. ಪಕ್ಕದಲ್ಲಿ ಇಡುವ ಖಾರದ ಹಸಿರು ಮುದ್ದೆ ವಸಾಬಿ, ಹೆಚ್ಚಿನ ಕಡೆ ಹಾರ್ಸ್‌ರ‍್ಯಾಡಿಶ್, ಸಾಸಿವೆ, ಬಣ್ಣ ಸೇರಿಸಿದ್ದು. ಸಾಸಿವೆ ಕಾಳಿನಷ್ಟು ಸಾಕು, ಮೂಗಿಗೆ ಏರ್ತದೆ.

ಗ್ರೂಪಿನಲ್ಲಿ ಮನೆಗೆ ತರಿಸುವ ಮಾತೂ ಬಂತಲ್ಲ, ಸುಶಿ ಆ್ಯಂಡ್ ಮೋರ್‌ನಂಥವರು ಮುಂಬೈಯಲ್ಲಿ ಡೆಲಿವರಿ ಕೊಡ್ತಾರೆ. ಅಂಧೇರಿಯಲ್ಲಿ ಇರುವವರಿಗೆ ಸರಿ, ಡೊಂಬಿವಲಿಗೆ ಬರುವಷ್ಟರಲ್ಲಿ ಅನ್ನ ಗಟ್ಟಿ. ಡೆಲಿವರಿಗೆ ಉರಾಮಾಕಿ ಮಾತ್ರ ಹೇಳಿ, ನಿಗಿರಿ, ತೆಮಾಕಿ, ಟೆಂಪುರಾ ಬೇಡ. ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ, ಫ್ರಿಜ್ಜಿನಲ್ಲಿ ಅನ್ನದ ಪಿಷ್ಟ ಗಟ್ಟಿಯಾಗ್ತದೆ, ಹೊರಗಿಟ್ಟರೆ ಮೀನು ಕೆಡ್ತದೆ. ಪುಣೆಯ ಶೈಲಜಾ ಕೇಳಿದ್ದಕ್ಕೆ ರಿಟ್ಝ್ ಕಾರ್ಲ್‌ಟನ್ ಒಳಗಿನ ಉಕಿಯೊ, ಅಲ್ಲಿಯೂ ಶೇ. 18ರ ಲೆಕ್ಕ. ಗೋವಾಕ್ಕೆ ಹೋಗುವವರಿಗೆ ಅಂಜುನಾ, ವಾಗಾತೋರ್ ಕಡೆ ಸಕಾನಾ, ಹೊರಡುವ ಮೊದಲು ಫೋನ್ ಮಾಡಿ.

ಸುಧಕ್ಕ, ಬುಕಿಂಗ್ ಬುಧವಾರವೇ ಮಾಡಿ, ಏಳೂವರೆಗೆ ಟೇಬಲ್ ಕೇಳಿ, ಇಲ್ಲದಿದ್ದರೆ ಅತ್ತೆ ಮಾವನ ಜೊತೆ ವಾಪಸ್ ಟ್ರೇನು ಹಿಡಿಯುವಾಗ ತುಂಬ ರಾತ್ರಿ ಆಗ್ತದೆ. ನೆಲದಲ್ಲಿ ಕೂರುವ ಜಾಗ ಬೇಡ, ಕುರ್ಚಿ ಬೇಕು ಅಂತಲೂ ಹೇಳಿ, ಮಾವನ ಮೊಣಕಾಲು ನೋವು ನೆನಪುಂಟಲ್ಲ. ಇಬ್ಬರು ಶುದ್ಧ ವೆಜ್, ಒಬ್ಬಳು ಬಸುರಿ, ದಾಶಿಯ ವಿಷಯ, ಇಷ್ಟನ್ನೂ ಫೋನಿನಲ್ಲೇ ಬರೆಸಿಬಿಡಿ.