ಎದೆ ಉಬ್ಬಿದೆ, ತೂಕ ಇಳಿಸಿದರೂ ಹೋಗುತ್ತಿಲ್ಲ. ಇದು ಕೊಬ್ಬಾ, ಬೇರೆ ಏನಾದರೂನಾ?

ಬೆಣ್ಣೆದೋಸೆ_24:
ನನಗೆ 24 ವರ್ಷ, ಊರು ದಾವಣಗೆರೆ. ಎರಡೂ ಕಡೆ ಎದೆ ಉಬ್ಬಿಕೊಂಡಿದೆ, ಹೈಸ್ಕೂಲಿನಿಂದಲೂ ಹೀಗೇ. ಟೀ ಶರ್ಟ್ ಹಾಕಿದರೆ ಎದ್ದು ಕಾಣುತ್ತದೆ ಅಂತ ಒಳಗೆ ಬಿಗಿ ಬನಿಯನ್, ಮೇಲೆ ದಪ್ಪ ಚೆಕ್ಸ್ ಶರ್ಟ್, ಏಪ್ರಿಲ್ ಬಿಸಿಲಲ್ಲೂ ಅದೇ ವೇಷ. ಒಂದು ವರ್ಷ ಜಿಮ್‌ಗೆ ಹೋಗಿ ಹೊಟ್ಟೆ ಕರಗಿಸಿದೆ, ಎದೆ ಮಾತ್ರ ಹಾಗೇ ಇದೆ. ಟ್ರೇನರ್ ಕೇಳಿದರೆ ಬೆಂಚ್ ಪ್ರೆಸ್ ಜಾಸ್ತಿ ಮಾಡು ಅಂತಾನೆ. ಹೊಳೆಗೆ ಈಜೋಕೆ ಹೋಗೋಣ ಬಾ ಅಂತ ಫ್ರೆಂಡ್ಸ್ ಕರೆದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಈಗ ಮನೆಯಲ್ಲಿ ಹೆಣ್ಣು ನೋಡುವ ಮಾತು ಬೇರೆ ಶುರುವಾಗಿದೆ. ಯಾವ ಡಾಕ್ಟರ್ ಹತ್ತಿರ ಹೋಗಬೇಕು? ಆನ್‌ಲೈನಲ್ಲಿ ಸಿಗುವ ಕ್ರೀಮ್ ಕೆಲಸ ಮಾಡುತ್ತಾ? ಸೋಯಾ ಬಿಡಬೇಕಾ?

ಮಾತ್ರೆ_ಚೀಟಿ:
ಕ್ರೀಮಿಗೆ ದುಡ್ಡು ಹಾಕಬೇಡಿ ಗುರು, ಹಚ್ಚಿ ಉಜ್ಜಿದರೆ ಕರಗುವ ವಸ್ತು ಅಲ್ಲ ಅದು. ಊಟದಲ್ಲಿ ತಿನ್ನುವ ಸೋಯಾದಿಂದ ಏನೂ ಆಗುವುದಿಲ್ಲ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು, ಡಾಕ್ಟರ್ ಅಲ್ಲ, ಆದರೆ ಇದನ್ನು ಪಿಸುಮಾತಿನಲ್ಲಿ ಕೇಳಿಕೊಂಡು ಬರುವವರು ಬಹಳ.

ಅಂಗಾತ ಮಲಗಿ. ಹೆಬ್ಬೆರಳು, ತೋರುಬೆರಳು ಎರಡನ್ನೂ ಎದೆಯ ಎರಡು ಬದಿಯಲ್ಲಿಟ್ಟು ಮೆಲ್ಲಗೆ ಮೊಲೆತೊಟ್ಟಿನ ಕಡೆ ತನ್ನಿ. ತೊಟ್ಟಿನ ನೇರ ಕೆಳಗೆ ಐದು ರೂಪಾಯಿ ನಾಣ್ಯದ ಥರ ಒಂದು ಬಿಲ್ಲೆ, ಸ್ವಲ್ಪ ರಬ್ಬರಿನಂತೆ ಗಟ್ಟಿಯಾಗಿ ಸಿಕ್ಕರೆ ಅದು ಬಹುತೇಕ ಗ್ರಂಥಿ. ಅದಕ್ಕೇ ಗೈನಕೊಮಾಸ್ಟಿಯಾ ಅನ್ನುವುದು. ಬೆರಳುಗಳು ಏನೂ ಅಡ್ಡ ಸಿಗದೆ ತೊಟ್ಟಿನವರೆಗೂ ಬಂದು, ಎಲ್ಲಾ ಕಡೆ ಒಂದೇ ಥರ ಮೆತ್ತಗಿದ್ದರೆ ಬರೀ ಕೊಬ್ಬು, ತೂಕ ಇಳಿದರೆ ಇಳಿಯುತ್ತದೆ. ಎರಡೂ ಸೇರಿರುವುದೂ ಉಂಟು. ಗ್ರಂಥಿ ಇದ್ದರೆ ನೂರು ಪುಷ್‌ಅಪ್ ಹೊಡೆದರೂ ಅದು ಇದ್ದಲ್ಲೇ ಇರುತ್ತದೆ, ಕೆಳಗಿನ ಸ್ನಾಯು ಬೆಳೆದು ಇನ್ನೂ ಮುಂದಕ್ಕೆ ಕಂಡರೂ ಕಾಣಬಹುದು.

ಒಂದು ನೇರ ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ಜಿಮ್‌ನಲ್ಲಿ ಯಾರಾದರೂ ಇಂಜೆಕ್ಷನ್, ಮಾತ್ರೆ ಏನಾದರೂ ಕೊಟ್ಟಿದ್ದಾರಾ? ಸ್ಟೆರಾಯ್ಡ್ ತಗೊಂಡರೆ ಮೈಯಲ್ಲಿ ಅದರ ಒಂದು ಪಾಲು ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಆಗಿ ಬದಲಾಗುತ್ತದೆ, ಆಮೇಲೆ ಎದೆ ಉಬ್ಬುತ್ತದೆ. ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟೆರೈಡ್‌ನಿಂದಲೂ ಕೆಲವರಿಗೆ ಹೀಗಾಗುತ್ತದೆ.

ಬೆಣ್ಣೆದೋಸೆ_24:
ಇಲ್ಲ ಅಣ್ಣ, ವ್ಹೇ ಪ್ರೋಟೀನ್ ಬಿಟ್ಟು ಬೇರೇನೂ ಇಲ್ಲ. ನೀವು ಹೇಳಿದ ಹಾಗೆ ನೋಡಿದೆ, ಬಿಲ್ಲೆ ಇದೆ. ಎರಡೂ ಕಡೆ. ನೋವಿಲ್ಲ.

ಮಲ್ನಾಡ್_ಮಳೆ:
ನಮ್ಮ ಅಪ್ಪನಿಗೆ 61ನೇ ವಯಸ್ಸಿನಲ್ಲಿ ಬಂತು. ಲಿವರ್ ತೊಂದರೆಗೆ, ಹೊಟ್ಟೆಯ ನೀರು ಇಳಿಯಲಿ ಅಂತ ಸ್ಪೈರೊನೊಲ್ಯಾಕ್ಟೋನ್ ಕೊಡುತ್ತಿದ್ದರು. ಕೆಲವು ತಿಂಗಳಲ್ಲಿ ಎದೆ ಉಬ್ಬಿ, ಶರ್ಟ್ ತಾಗಿದರೂ ನೋವು. ಅಪ್ಪ ಯಾರಿಗೂ ಹೇಳಲಿಲ್ಲ, ಅಮ್ಮನೇ ನೋಡಿ ಗಲಾಟೆ ಮಾಡಿ ಕರೆದುಕೊಂಡು ಹೋಗಿದ್ದು. ಡಾಕ್ಟರ್ ಮೊದಲು ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮಾಡಿಸಿದರು, ಆಮೇಲೆ ಮಾತ್ರೆ ಬದಲಾಯಿಸಿದರು. ಲಿವರ್ ಕೆಟ್ಟರೂ, ಕುಡಿತ ಜಾಸ್ತಿಯಾದರೂ ಹೀಗಾಗುತ್ತದಂತೆ. ಆದರೆ ಯಾರೂ ಇದನ್ನು ಓದಿ ಮಾತ್ರೆ ತಾವೇ ನಿಲ್ಲಿಸಬೇಡಿ.

ಇನ್ನೊಂದು ಮಾತು. ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ, ಅಪರೂಪ ಅಷ್ಟೇ. ಒಂದೇ ಕಡೆ ಗಟ್ಟಿ ಗಂಟು, ಅದೂ ತೊಟ್ಟಿನಿಂದ ಪಕ್ಕಕ್ಕೆ ಸರಿದಿದ್ದರೆ, ತೊಟ್ಟು ಒಳಗೆ ಎಳೆದುಕೊಂಡರೆ, ರಕ್ತ ಬಂದರೆ, ಕಂಕುಳಲ್ಲಿ ಗಂಟಿದ್ದರೆ ಈ ಬಿಲ್ಲೆ ಪರೀಕ್ಷೆ ಎಲ್ಲ ಬಿಟ್ಟು ಸೀದಾ ಆಸ್ಪತ್ರೆಗೆ ಹೋಗಿ.

ಸುಮಾ_ಅಮ್ಮ:
ನನ್ನ ಮಗನಿಗೆ 14 ವರ್ಷ. ಇದೇ ಥರ ಆಗಿದೆ, ಮುಟ್ಟಿದರೆ ನೋವು ಅಂತಾನೆ. ಪಿಟಿ ಪೀರಿಯಡ್ ಇದ್ದ ದಿನ ಶಾಲೆಗೇ ಹೋಗುವುದಿಲ್ಲ. ಆಪರೇಷನ್ ಮಾಡಿಸಬೇಕಾ?

ಮಾತ್ರೆ_ಚೀಟಿ:
ಬೇಡ ಅಕ್ಕ, ಈಗಲೇ ಆ ಮಾತು ಬೇಡ. ಈ ವಯಸ್ಸಲ್ಲಿ ಹಾರ್ಮೋನ್ ಏರುಪೇರಾಗಿ ತುಂಬಾ ಹುಡುಗರಿಗೆ ಹೀಗಾಗುತ್ತದೆ, ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ಒಂದು ಸಲ ಮಕ್ಕಳ ಡಾಕ್ಟರಿಗೆ ತೋರಿಸಿ, ವೃಷಣವನ್ನೂ ಅವರು ನೋಡಲಿ. ಅದು ಮುಖ್ಯ, ಯಾಕೆಂದರೆ ಅಪರೂಪಕ್ಕೆ ಅಲ್ಲಿನ ಗಡ್ಡೆಯಿಂದಲೂ ಎದೆ ಉಬ್ಬುತ್ತದೆ. ಮತ್ತೆ, ಮನೆಯಲ್ಲಿ ಅಣ್ಣ, ಮಾವ ಯಾರೂ ತಮಾಷೆ ಮಾಡದ ಹಾಗೆ ನೀವೇ ನೋಡಿಕೊಳ್ಳಿ.

ಹುಬ್ಳಿ_ಗಿರ್ಮಿಟ್:
ನಾನು ಆಪರೇಷನ್ ಮಾಡಿಸಿಕೊಂಡವನು, ದಾವಣಗೆರೆ ತಮ್ಮನಿಗೆ ಹೇಳುತ್ತಿದ್ದೇನೆ. ಮೊದಲು ಜನರಲ್ ಸರ್ಜನ್ ಅಥವಾ ಹಾರ್ಮೋನ್ ಡಾಕ್ಟರ್ ಹತ್ತಿರ ಹೋಗು. ಟೆಸ್ಟೋಸ್ಟಿರಾನ್, ಪ್ರೊಲ್ಯಾಕ್ಟಿನ್, ಥೈರಾಯ್ಡ್, ಲಿವರ್, ಕಿಡ್ನಿ ಅಂತ ರಕ್ತ ಪರೀಕ್ಷೆ ಬರೆಯಬಹುದು. ಹೊಸದಾಗಿ ಬಂದಿದ್ದರೆ ಮಾತ್ರೆಗೆ ಇಳಿಯುವ ಸಾಧ್ಯತೆ ಇದೆ. ನಿನ್ನದು ಹೈಸ್ಕೂಲ್ ಕಾಲದ್ದು, ಅಷ್ಟು ಹಳೆಯದಾದರೆ ಒಳಗೆ ನಾರುಗಟ್ಟಿರುತ್ತದೆ, ಮಾತ್ರೆ ಅಷ್ಟಾಗಿ ಹಿಡಿಯುವುದಿಲ್ಲ.

ನನಗೆ ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಸಣ್ಣ ಗಾಯ ಮಾಡಿ ಗ್ರಂಥಿ ತೆಗೆದರು, ಸುತ್ತಲಿನ ಕೊಬ್ಬನ್ನು ಲೈಪೊಸಕ್ಷನ್ ಮಾಡಿ, ಅಂದರೆ ಕೊಳವೆಯಿಂದ ಹೀರಿ, ತೆಗೆದರು. ಆಮೇಲೆ ಕೆಲವು ವಾರ ಹಗಲು ರಾತ್ರಿ ಬಿಗಿ ಜಾಕೆಟ್. ನಿಜ ಹೇಳಬೇಕೆಂದರೆ ಆಪರೇಷನ್‌ಗಿಂತ ಆ ಜಾಕೆಟ್ಟೇ ಕಾಟ, ಸೆಕೆಗೆ ಮೈಯೆಲ್ಲ ಕೆರೆತ! ತೊಟ್ಟಿನ ಹತ್ತಿರ ಬಹಳ ದಿನ ಸ್ಪರ್ಶ ಗೊತ್ತಾಗುತ್ತಿರಲಿಲ್ಲ, ನಿಧಾನಕ್ಕೆ ಬಂತು. ಸರ್ಜನ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಅನ್ನುವ ಡಿಗ್ರಿ ಇದೆಯಾ ಅಂತ ಕೇಳಿ ತಿಳಿದುಕೋ, ಇನ್‌ಸ್ಟಾಗ್ರಾಮ್ ಫೋಟೋ ನೋಡಿ ಹೋಗಬೇಡ. ಇನ್ಶೂರೆನ್ಸ್‌ನವರು ಇದನ್ನು ಅಂದಕ್ಕೆ ಮಾಡಿಸಿದ್ದು ಅಂತ ತಳ್ಳಿಹಾಕುವುದೇ ಜಾಸ್ತಿ, ಮೊದಲೇ ವಿಚಾರಿಸು. ಇನ್ನು ನೋವಿಲ್ಲ, ಕಾರಣ ಏನೂ ಸಿಗಲಿಲ್ಲ, ನಿನಗೂ ಅಷ್ಟೇನೂ ತಲೆಬಿಸಿ ಇಲ್ಲ ಅಂದರೆ ಮಾಡಿಸಲೇಬೇಕು ಅಂತೇನಿಲ್ಲ.

ಬೆಣ್ಣೆದೋಸೆ_24:
ಥ್ಯಾಂಕ್ಸ್ ಅಣ್ಣ. ಸೋಮವಾರ ಸರ್ಜನ್‌ಗೆ ತೋರಿಸುತ್ತೇನೆ. ಆಪರೇಷನ್ ಆದರೆ ಬೈಕ್ ಓಡಿಸೋಕೆ ಎಷ್ಟು ದಿನ ಬೇಕು? ಕೆಲಸಕ್ಕೆ ಹೋಗಬೇಕಾದದ್ದು ಬೈಕಲ್ಲೇ.

ಹುಬ್ಳಿ_ಗಿರ್ಮಿಟ್:
ಆಫೀಸ್ ಕೆಲಸಕ್ಕೆ ಒಂದು ವಾರದಲ್ಲಿ ಹೋದೆ, ಬಸ್ಸಲ್ಲಿ. ಬೈಕು, ಭಾರ ಎತ್ತುವುದು, ಜಿಮ್ ಎಲ್ಲ ಸರ್ಜನ್ ಹೂಂ ಅಂದ ಮೇಲೇ.